ಸಮುದ್ರದ ನಡುವೆ ಒಂದು ಕಾಂಕ್ರೀಟ್ ‘ದೇಶ’: ಸೀಲ್ಯಾಂಡ್ ಹುಟ್ಟಿದ್ದು ಹೇಗೆ, ಅದನ್ನು ಯಾರೂ ಯಾಕೆ ಒಪ್ಪಲಿಲ್ಲ?

2025ರ ಜುಲೈನಲ್ಲಿ ದೆಹಲಿ ಪಕ್ಕದ ಗಾಜಿಯಾಬಾದ್‌ನಲ್ಲಿ ಪೊಲೀಸರು ಒಂದು ಬಾಡಿಗೆ ಬಂಗಲೆಯ ಮೇಲೆ ದಾಳಿ ಮಾಡಿದರು. ಮನೆ ಮುಂದೆ ವಿದೇಶಿ ಬಾವುಟ. ರಾಯಭಾರಿಗಳ ಕಾರಿಗೆ ಇರುವಂಥ ನಂಬರ್ ಪ್ಲೇಟ್ ಹಾಕಿದ ದುಬಾರಿ ಕಾರುಗಳು. ಒಳಗೆ ಸೀಲುಗಳು, ಪಾಸ್‌ಪೋರ್ಟುಗಳು, ಸುಮಾರು 44 ಲಕ್ಷ ರೂಪಾಯಿ ನಗದು. ಇದು ‘ವೆಸ್ಟಾರ್ಕ್ಟಿಕಾ’ ಅನ್ನುವ ದೇಶದ ರಾಯಭಾರ ಕಚೇರಿ ಎಂದು ಅಲ್ಲಿದ್ದ ವ್ಯಕ್ತಿ ಹೇಳಿಕೊಂಡು ಬಂದಿದ್ದ. ವಿದೇಶದಲ್ಲಿ ಕೆಲಸ ಕೊಡಿಸುತ್ತೇನೆ ಅಂತ ನಂಬಿಸಿ ಜನರಿಂದ ದುಡ್ಡು ತೆಗೆದುಕೊಳ್ಳುತ್ತಿದ್ದ ಅನ್ನೋದು ಪೊಲೀಸರ ಆರೋಪ.

ಕರ್ನಾಟಕದವರಿಗೆ ಇಂಥ ಸುದ್ದಿ ಮೊದಲ ಸಲವೇನೂ ಅಲ್ಲ. ಬಿಡದಿಯಲ್ಲಿ ಆಶ್ರಮ ನಡೆಸುತ್ತಿದ್ದ ನಿತ್ಯಾನಂದ 2019ರ ಕೊನೆಯಲ್ಲಿ ‘ಕೈಲಾಸ’ ಎಂಬ ದೇಶ ಘೋಷಿಸಿದಾಗಲೂ ಎಲ್ಲರ ಬಾಯಲ್ಲೂ ಇದೇ ಪ್ರಶ್ನೆ ಇತ್ತು. ಯಾರು ಬೇಕಾದರೂ ದೇಶ ಮಾಡಿಕೊಳ್ಳಬಹುದಾ? ಬಾವುಟ, ಪಾಸ್‌ಪೋರ್ಟ್, ನೋಟು ಇದ್ದರೆ ಸಾಕಾ?

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಇಂಗ್ಲೆಂಡಿನ ಕರಾವಳಿಯಾಚೆ ನಿಂತಿರುವ ಒಂದು ಹಳೆಯ ಯುದ್ಧಕೋಟೆಯ ಕತೆಗಿಂತ ಒಳ್ಳೆಯ ದಾರಿ ಇಲ್ಲ. ಅದರ ಹೆಸರು ಸೀಲ್ಯಾಂಡ್. 1967ರಿಂದ ಇವತ್ತಿನವರೆಗೂ ಅದು ತನ್ನನ್ನು ದೇಶ ಎಂದು ಕರೆದುಕೊಳ್ಳುತ್ತಿದೆ. ಕೋರ್ಟು, ಬಂದೂಕು, ಒತ್ತೆಯಾಳು, ನಕಲಿ ಪಾಸ್‌ಪೋರ್ಟು ಎಲ್ಲವನ್ನೂ ನೋಡಿದೆ.

ಪುಟ್ಟ ದೇಶ ಬೇರೆ, ಸ್ವಯಂಘೋಷಿತ ದೇಶ ಬೇರೆ

ಈ ಎರಡನ್ನು ಜನ ಒಂದೇ ಅಂದುಕೊಳ್ಳುವುದು ಜಾಸ್ತಿ. ವ್ಯಾಟಿಕನ್‌ನ ವಿಸ್ತೀರ್ಣ ಅರ್ಧ ಚದರ ಕಿಲೋಮೀಟರ್ ಕೂಡ ಇಲ್ಲ. ಮೊನಾಕೊ ಸುಮಾರು ಎರಡು ಚದರ ಕಿಲೋಮೀಟರ್. ಶಾಂತಸಾಗರದ ನೌರು 21 ಚದರ ಕಿಲೋಮೀಟರ್. ಇವೆಲ್ಲ ನಿಜವಾದ ದೇಶಗಳು. ಮೊನಾಕೊ, ನೌರು ಎರಡೂ ವಿಶ್ವಸಂಸ್ಥೆಯ 193 ಸದಸ್ಯರಲ್ಲಿ ಸೇರಿವೆ. ವ್ಯಾಟಿಕನ್ ಪರವಾಗಿ ಹೋಲಿ ಸೀಗೆ, ಅಂದರೆ ಪೋಪ್ ಅವರ ಆಡಳಿತಕ್ಕೆ, ಅಲ್ಲಿ ವೀಕ್ಷಕ ಸ್ಥಾನ ಇದೆ.

ಮೈಕ್ರೋನೇಷನ್ ಅಂದರೆ ಹಾಗಲ್ಲ. ಒಬ್ಬ ವ್ಯಕ್ತಿ, ಒಂದು ಕುಟುಂಬ ಅಥವಾ ಸಣ್ಣ ಗುಂಪು ‘ಇದು ನಮ್ಮ ದೇಶ’ ಎಂದು ತಾವೇ ಸಾರಿಕೊಂಡಿರುತ್ತಾರೆ. ಬೇರೆ ಯಾವ ದೇಶವೂ ಅದನ್ನು ಒಪ್ಪಿರುವುದಿಲ್ಲ. ಕೆಲವರಿಗೆ ಅದು ಹವ್ಯಾಸ. ಕೆಲವರಿಗೆ ತೆರಿಗೆ ತಪ್ಪಿಸುವ ದಾರಿ. ಇನ್ನು ಕೆಲವರಿಗೆ ಸರ್ಕಾರದ ಮೇಲಿನ ಸಿಟ್ಟು.

ತೈವಾನ್, ಸೋಮಾಲಿಲ್ಯಾಂಡ್‌ಗಳನ್ನು ಈ ಪಟ್ಟಿಗೆ ಸೇರಿಸಬಾರದು. ಅಲ್ಲಿ ಲಕ್ಷಾಂತರ, ಕೋಟ್ಯಂತರ ಜನ ಇದ್ದಾರೆ, ಅವರದೇ ಸರ್ಕಾರ, ಪೊಲೀಸು, ಹಣ ಎಲ್ಲ ಇದೆ. ಅವುಗಳನ್ನು ಎಷ್ಟು ದೇಶಗಳು ಒಪ್ಪುತ್ತವೆ ಅನ್ನೋದು ದೊಡ್ಡ ರಾಜಕೀಯ ವಿವಾದ. ಆ ವಿಷಯವೇ ಬೇರೆ.

ದೇಶ ಅನ್ನಿಸಿಕೊಳ್ಳೋಕೆ ಏನೇನು ಬೇಕು?

1933ರಲ್ಲಿ ಉರುಗ್ವೆಯ ಮಾಂಟೆವಿಡಿಯೋ ನಗರದಲ್ಲಿ ಅಮೆರಿಕ ಖಂಡಗಳ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ದೇಶಕ್ಕೆ ನಾಲ್ಕು ಲಕ್ಷಣ ಇರಬೇಕು ಎಂದು ಅದರಲ್ಲಿ ಬರೆದುಕೊಂಡವು. ಕಾಯಂ ಆಗಿ ವಾಸಿಸುವ ಜನ ಇರಬೇಕು. ಇಂತಿಷ್ಟು ಎಂದು ತೋರಿಸಬಹುದಾದ ನೆಲ ಇರಬೇಕು. ಸರ್ಕಾರ ಇರಬೇಕು. ಬೇರೆ ದೇಶಗಳ ಜೊತೆ ವ್ಯವಹಾರ ಮಾಡುವ ಶಕ್ತಿ ಇರಬೇಕು. ಇವತ್ತಿಗೂ ಯಾವುದು ದೇಶ, ಯಾವುದು ಅಲ್ಲ ಎಂಬ ಚರ್ಚೆ ಶುರುವಾಗುವುದು ಈ ನಾಲ್ಕರಿಂದಲೇ.

ಈ ನಾಲ್ಕು ಇದ್ದರೆ ಸಾಕು, ಬೇರೆಯವರು ಒಪ್ಪಲಿ ಬಿಡಲಿ ಅದು ದೇಶವೇ ಅಂತ ಕೆಲವು ಕಾನೂನು ಪಂಡಿತರು ಹೇಳುತ್ತಾರೆ. ಉಳಿದ ದೇಶಗಳು ಮಾನ್ಯತೆ ಕೊಟ್ಟಾಗ ಮಾತ್ರ ದೇಶ ಹುಟ್ಟುತ್ತದೆ ಅನ್ನುವ ಪಂಡಿತರೂ ಇದ್ದಾರೆ. ಈ ವಾದ ಇನ್ನೂ ಮುಗಿದಿಲ್ಲ. ಆದರೆ ದಿನನಿತ್ಯದ ವ್ಯವಹಾರದಲ್ಲಿ ನಡೆಯುವುದು ಮಾನ್ಯತೆಯೇ.

ಬೆಂಗಳೂರಿನ ಅಂಚಿನ ರೆವಿನ್ಯೂ ಸೈಟನ್ನು ನೆನಪಿಸಿಕೊಳ್ಳಿ. ಸೈಟು ಇದೆ, ಮನೆ ಕಟ್ಟಿದ್ದೀರಿ, ಕುಟುಂಬ ಸಮೇತ ವಾಸವಾಗಿದ್ದೀರಿ, ಕರೆಂಟ್ ಬಿಲ್ಲೂ ಬರುತ್ತಿದೆ. ಆದರೆ ಸರಿಯಾದ ಖಾತೆ ಇಲ್ಲ. ಬ್ಯಾಂಕಿಗೆ ಹೋದರೆ ಸಾಲ ಹುಟ್ಟುವುದಿಲ್ಲ, ಮಾರಲು ಹೋದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಮನೆ ಕಣ್ಣೆದುರಿಗೇ ಇದ್ದರೂ ಕಾಗದದ ಲೋಕದಲ್ಲಿ ಅದಕ್ಕೆ ಬೆಲೆ ಕಡಿಮೆ. ದೇಶಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಖಾತೆ ಮಾಡಿಕೊಡುವ ಕಚೇರಿಯೇ ಅಲ್ಲಿಲ್ಲ. ವಿಶ್ವಸಂಸ್ಥೆ ಸದಸ್ಯತ್ವ ಕೊಡುತ್ತದೆಯೇ ಹೊರತು ದೇಶಗಳನ್ನು ಹುಟ್ಟಿಸುವುದಿಲ್ಲ. ಅಕ್ಕಪಕ್ಕದವರು, ದೂರದವರು, ಒಬ್ಬೊಬ್ಬರಾಗಿ ‘ಹೌದು, ನೀನು ದೇಶ’ ಎಂದು ಒಪ್ಪಬೇಕು. ಸೀಲ್ಯಾಂಡ್‌ಗೆ ಇವತ್ತಿನವರೆಗೆ ಸಿಗದೇ ಹೋದದ್ದು ಆ ಒಪ್ಪಿಗೆ.

ಕೋಟೆ ಬಂದದ್ದು ಎಲ್ಲಿಂದ?

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನಗಳು ಥೇಮ್ಸ್ ನದಿಯ ಮುಖದ ಸುತ್ತ ಹಡಗುಗಳ ಮೇಲೆ ದಾಳಿ ಮಾಡುತ್ತಿದ್ದವು, ನೀರಿನಲ್ಲಿ ಸಿಡಿಮದ್ದು ಬಿಟ್ಟು ಹೋಗುತ್ತಿದ್ದವು. ಇದನ್ನು ತಡೆಯಲು ಬ್ರಿಟನ್ ಸಮುದ್ರದಲ್ಲೇ ಕೋಟೆಗಳನ್ನು ನಿಲ್ಲಿಸಿತು. ವಿನ್ಯಾಸ ಮಾಡಿದವರು ಗೈ ಮೌನ್ಸೆಲ್ ಎಂಬ ಸಿವಿಲ್ ಎಂಜಿನಿಯರ್.

ಕಟ್ಟಿದ ರೀತಿ ಗಮನಿಸಬೇಕಾದದ್ದು. ದಡದಲ್ಲಿ ದೊಡ್ಡ ಕಾಂಕ್ರೀಟ್ ದೋಣಿಯಂಥ ತಳ ಮಾಡಿದರು. ಅದರ ಮೇಲೆ ಎರಡು ಪೊಳ್ಳು ಕಾಂಕ್ರೀಟ್ ಗೋಪುರಗಳು, ಒಂದೊಂದೂ ಸುಮಾರು 7 ಮೀಟರ್ ಅಗಲ, ಒಳಗೆ ಏಳೇಳು ಅಂತಸ್ತು. ಗೋಪುರಗಳ ನೆತ್ತಿಗೆ ಉಕ್ಕಿನ ಕಟ್ಟೆ, ಅದರ ಮೇಲೆ ಫಿರಂಗಿ. ಇಷ್ಟನ್ನೂ ತೇಲಿಸಿಕೊಂಡು ಹೋಗಿ, ತಳಕ್ಕೆ ನೀರು ತುಂಬಿಸಿ, ಮರಳುದಿಬ್ಬದ ಮೇಲೆ ಕೂರಿಸಿದರು. 1942ರ ಫೆಬ್ರವರಿಯಲ್ಲಿ ಸಫೋಕ್ ಕರಾವಳಿಯಿಂದ ಸುಮಾರು 12 ಕಿಲೋಮೀಟರ್ ದೂರದ ರಫ್ ಸ್ಯಾಂಡ್ಸ್ ದಿಬ್ಬದ ಮೇಲೆ ಹೀಗೆ ಕೂತದ್ದು ‘ರಫ್ಸ್ ಟವರ್’. ತಳ ನೀರಿನ ಕೆಳಗೆ ಹೋಯಿತು. ಗೋಪುರದ ಕೆಳಗಿನ ಅಂತಸ್ತುಗಳೂ ಅಷ್ಟೇ. ನೌಕಾಪಡೆಯವರು ಮಲಗುತ್ತಿದ್ದದ್ದು ಆ ದುಂಡನೆಯ ಕೋಣೆಗಳಲ್ಲಿ. ಗೋಡೆಯ ಆಚೆ ಸಮುದ್ರ.

ಕಟ್ಟೆಯ ಮೇಲಿನ ಜಾಗ ಸುಮಾರು 550 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಐದು 30×40 ಸೈಟು. ನೀರಿನಿಂದ ಸುಮಾರು 18 ಮೀಟರ್ ಎತ್ತರ. ದೋಣಿ ನಿಲ್ಲಿಸಲು ಜೆಟ್ಟಿ ಇಲ್ಲ, ಹತ್ತಲು ಮೆಟ್ಟಿಲಿಲ್ಲ. ಈಗಲೂ ಯಾರಾದರೂ ಬಂದರೆ ಮೇಲಿನಿಂದ ಹಗ್ಗ ಇಳಿಸಿ, ಹಲಗೆಯಂಥ ಒಂದು ಆಸನದಲ್ಲಿ ಕೂರಿಸಿ, ಯಂತ್ರದಿಂದ ಎಳೆದುಕೊಳ್ಳುತ್ತಾರೆ. ಕೆಳಗೆ ದೋಣಿ ಓಲಾಡುತ್ತಿರುತ್ತದೆ.

ಯುದ್ಧ ಮುಗಿಯಿತು. 1956ರ ಹೊತ್ತಿಗೆ ಕೊನೆಯ ಸಿಬ್ಬಂದಿಯೂ ಕೋಟೆ ಬಿಟ್ಟರು. ಮುಂದೆ ಹತ್ತು ವರ್ಷ ಅದರ ಕಡೆ ಯಾರೂ ಹೆಚ್ಚು ತಲೆ ಹಾಕಲಿಲ್ಲ.

ಒಂದು ವಿಷಯ ಮಾತ್ರ ನೆನಪಿಡಿ. ಆ ಕಾಲದಲ್ಲಿ ಬ್ರಿಟನ್ ತನ್ನದು ಎಂದು ಹೇಳಿಕೊಳ್ಳುತ್ತಿದ್ದ ಸಮುದ್ರ ದಡದಿಂದ ಮೂರು ನಾಟಿಕಲ್ ಮೈಲಿ, ಅಂದರೆ ಐದೂವರೆ ಕಿಲೋಮೀಟರ್ ಮಾತ್ರ. ಹಿಂದಿನ ಕಾಲದಲ್ಲಿ ದಡದಿಂದ ಫಿರಂಗಿ ಗುಂಡು ಹೋಗುವಷ್ಟು ದೂರ ಆ ರಾಜ್ಯದ್ದು ಎಂಬ ವಾಡಿಕೆ ಇತ್ತು. ಮೂರು ಮೈಲಿಯ ಲೆಕ್ಕವನ್ನು ಸಾಮಾನ್ಯವಾಗಿ ಅದಕ್ಕೇ ಜೋಡಿಸುತ್ತಾರೆ. ರಫ್ಸ್ ಟವರ್ ಆ ಗೆರೆಯಿಂದ ಆಚೆ ಇತ್ತು. ಮುಂದಿನ ಕತೆಯೆಲ್ಲ ನಿಂತಿರುವುದು ಈ ಗೆರೆಯ ಮೇಲೆ.

ಹಾಡಿಗಾಗಿ ಸಮುದ್ರಕ್ಕೆ ಹೋದವರು

1960ರ ದಶಕದ ಬ್ರಿಟನ್‌ನಲ್ಲಿ ರೇಡಿಯೋ ಅಂದರೆ ಬಿಬಿಸಿ ಒಂದೇ. ಖಾಸಗಿಯವರಿಗೆ ಪರವಾನಗಿ ಇರಲಿಲ್ಲ. ಬಿಬಿಸಿ ದಿನಕ್ಕೆ ಎಷ್ಟು ಹೊತ್ತು ರೆಕಾರ್ಡ್ ಹಾಡು ಹಾಕಬಹುದು ಎನ್ನುವುದಕ್ಕೂ ಮಿತಿ ಇತ್ತು. ಹೊರಗೆ ಬೀಟಲ್ಸ್ ಕಾಲ, ಹುಡುಗ ಹುಡುಗಿಯರಿಗೆ ಪಾಪ್ ಸಂಗೀತದ ಹುಚ್ಚು. ರೇಡಿಯೋದಲ್ಲಿ ಅದು ಸಿಗುತ್ತಿದ್ದದ್ದು ತುಂಬಾ ಕಡಿಮೆ.

1964ರಲ್ಲಿ ರೊನಾನ್ ಓ’ರಾಹಿಲಿ ಎಂಬ ಐರಿಷ್ ಯುವಕ ಹಡಗಿನಿಂದ ‘ರೇಡಿಯೋ ಕ್ಯಾರೊಲಿನ್’ ಶುರು ಮಾಡಿದ. ಮೂರು ಮೈಲಿ ಗೆರೆಯಾಚೆ ಹಡಗು ನಿಲ್ಲಿಸಿದರೆ ಬ್ರಿಟಿಷ್ ಪರವಾನಗಿ ಬೇಕಾಗಿಲ್ಲ ಎಂಬುದು ಲೆಕ್ಕಾಚಾರ. ಜನ ಮುಗಿಬಿದ್ದು ಕೇಳಿದರು. ಇದನ್ನು ನೋಡಿ ಇನ್ನಷ್ಟು ಜನ ಹಡಗು, ಹಳೆಯ ಕೋಟೆ ಹಿಡಿದು ಬಾನುಲಿ ಕೇಂದ್ರ ತೆರೆದರು. ಇವಕ್ಕೆ ಪೈರೇಟ್ ರೇಡಿಯೋ ಎಂದು ಹೆಸರು ಬಿತ್ತು.

ಅವರಲ್ಲಿ ಒಬ್ಬರು ಪ್ಯಾಡಿ ರಾಯ್ ಬೇಟ್ಸ್. ಸೇನೆಯಲ್ಲಿ ಮೇಜರ್ ಆಗಿದ್ದವರು, ಎರಡನೇ ಮಹಾಯುದ್ಧದಲ್ಲಿ ಹೋರಾಡಿದವರು. 1965ರಲ್ಲಿ ನಾಕ್ ಜಾನ್ ಎಂಬ ಇನ್ನೊಂದು ಕೋಟೆಯಿಂದ ‘ರೇಡಿಯೋ ಎಸೆಕ್ಸ್’ ನಡೆಸತೊಡಗಿದರು. ಆದರೆ ಆ ಕೋಟೆ ಬ್ರಿಟನ್‌ನ ಸಮುದ್ರದ ಒಳಗೇ ಇದೆ ಎಂದು ಕೋರ್ಟು ಹೇಳಿತು. 1966ರಲ್ಲಿ 100 ಪೌಂಡ್ ದಂಡ ಬಿತ್ತು. ಅದೇ ವರ್ಷದ ಕೊನೆಗೆ ಕೇಂದ್ರ ನಿಂತುಹೋಯಿತು.

ಬೇಟ್ಸ್ ಕಣ್ಣು ಇನ್ನೂ ದೂರದ ರಫ್ಸ್ ಟವರ್ ಮೇಲೆ ಬಿತ್ತು. ಅಲ್ಲಿ ಆಗಲೇ ರೇಡಿಯೋ ಕ್ಯಾರೊಲಿನ್‌ನವರು ಕಾಲಿಟ್ಟಿದ್ದರು. ಬೇಟ್ಸ್ ಆ ಕ್ಯಾರೊಲಿನ್‌ನವರನ್ನು ಹೊರಗೆ ಹಾಕಿ ಕೋಟೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡರು.

ಅಷ್ಟರಲ್ಲಿ ಸರ್ಕಾರ ಹೊಸ ಕಾನೂನು ತಂದಿತು. 1967ರ ಆಗಸ್ಟ್ 14ರ ಮಧ್ಯರಾತ್ರಿಯಿಂದ ಬ್ರಿಟಿಷ್ ಪ್ರಜೆ ಸಮುದ್ರದಲ್ಲಿ ಎಲ್ಲಿಂದಲೇ ಹೀಗೆ ಪ್ರಸಾರ ಮಾಡಿದರೂ, ಅದಕ್ಕೆ ದಡದಿಂದ ಯಾರು ಸಾಮಾನು ಒದಗಿಸಿದರೂ ಅಪರಾಧ. ಅಂದರೆ ಗೆರೆ ದಾಟಿದರೂ ಬ್ರಿಟಿಷ್ ಪ್ರಜೆಗೆ ಬಿಡುಗಡೆ ಇಲ್ಲ. ಬೇಟ್ಸ್ ಮುಂದಿನ ಹೆಜ್ಜೆ ಇಟ್ಟರು. ಅದೇ ವರ್ಷ ಸೆಪ್ಟೆಂಬರ್ 2ರಂದು ಕೋಟೆಯ ಮೇಲೆ ತಮ್ಮ ಬಾವುಟ ಹಾರಿಸಿ, ಅದನ್ನು ‘ಸೀಲ್ಯಾಂಡ್ ಸಂಸ್ಥಾನ’ ಎಂದು ಘೋಷಿಸಿದರು. ಅವತ್ತು ಅವರ ಹೆಂಡತಿ ಜೋನ್ ಹುಟ್ಟುಹಬ್ಬ. ಆಕೆ ರಾಣಿಯಾದರು, ಇವರು ರಾಜ. ಯಾವ ರೇಡಿಯೋಗಾಗಿ ಇಷ್ಟೆಲ್ಲ ಮಾಡಿದರೋ ಆ ರೇಡಿಯೋ ಮಾತ್ರ ರಫ್ಸ್ ಟವರ್‌ನಿಂದ ಶುರುವಾಗಲೇ ಇಲ್ಲ.

ಗುಂಡು ಹಾರಿತು, ಕೋರ್ಟು ಕೈ ಚೆಲ್ಲಿತು

1968ರಲ್ಲಿ ಹತ್ತಿರದ ಒಂದು ತೇಲುಗುರುತನ್ನು (ಹಡಗುಗಳಿಗೆ ದಾರಿ ತೋರಿಸುವ ಬೋಯಾ) ರಿಪೇರಿ ಮಾಡಲು ಬ್ರಿಟಿಷ್ ಕೆಲಸಗಾರರು ದೋಣಿಯಲ್ಲಿ ಬಂದರು. ಕೋಟೆಯಿಂದ ಬೇಟ್ಸ್ ಅವರ ಮಗ ಮೈಕೆಲ್ ಎಚ್ಚರಿಕೆಗೆಂದು ಗುಂಡು ಹಾರಿಸಿದ. ಆಗ ಅವನಿನ್ನೂ ಹದಿಹರೆಯದ ಹುಡುಗ. ಅಪ್ಪ ಮಗ ದಡಕ್ಕೆ ಬಂದಾಗ ಅವರ ಮೇಲೆ ಬಂದೂಕು ಕಾಯ್ದೆಯಡಿ ಕೇಸು ಬಿತ್ತು. ಚೆಮ್ಸ್‌ಫರ್ಡ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು.

ನ್ಯಾಯಾಧೀಶರ ಮುಂದಿದ್ದ ಪ್ರಶ್ನೆ ಸರಳ. ಘಟನೆ ನಡೆದ ಜಾಗ ಬ್ರಿಟನ್‌ನ ಗೆರೆಯ ಒಳಗಿದೆಯೋ ಹೊರಗೋ? ಹೊರಗಿತ್ತು. ಹಾಗಾಗಿ ಈ ಕಾಯ್ದೆ ಅಲ್ಲಿಗೆ ಅನ್ವಯಿಸುವುದಿಲ್ಲ, ನಮಗೆ ಅಧಿಕಾರವಿಲ್ಲ ಎಂದು ಕೋರ್ಟು ಕೇಸು ಬಿಟ್ಟುಬಿಟ್ಟಿತು.

ಸೀಲ್ಯಾಂಡ್ ಕತೆಯಲ್ಲಿ ಅತಿ ಹೆಚ್ಚು ತಪ್ಪಾಗಿ ಹೇಳುವುದು ಈ ತೀರ್ಪನ್ನೇ. ‘ಬ್ರಿಟಿಷ್ ಕೋರ್ಟು ಸೀಲ್ಯಾಂಡನ್ನು ಒಪ್ಪಿತು’ ಎಂದು ಬೇಟ್ಸ್ ಕುಟುಂಬ ಸಾರಿಕೊಂಡು ಬಂತು. ಕೋರ್ಟು ಹೇಳಿದ್ದು ಅಷ್ಟಲ್ಲ. ‘ಇದು ನಮ್ಮ ವ್ಯಾಪ್ತಿಯಲ್ಲಿಲ್ಲ’ ಅನ್ನುವುದಕ್ಕೂ ‘ಇದು ಇನ್ನೊಂದು ದೇಶ’ ಅನ್ನುವುದಕ್ಕೂ ತುಂಬಾ ಅಂತರವಿದೆ. ನಡುಸಮುದ್ರದ ನೀರು ಯಾವ ದೇಶದ್ದೂ ಅಲ್ಲ. ಹಾಗಂತ ಅದೇ ಒಂದು ದೇಶ ಆಗಿಬಿಡುವುದಿಲ್ಲ ಅಲ್ವಾ?

ಬ್ರಿಟನ್ ಸರ್ಕಾರ ಸೈನ್ಯ ಕಳಿಸಿ ಕೋಟೆ ವಶ ಮಾಡಿಕೊಳ್ಳುವ ಯೋಚನೆಯನ್ನೂ ಮಾಡಿತ್ತು. 1967ರಲ್ಲಿ ಸಂಕ್ ಹೆಡ್ ಎಂಬ ಇನ್ನೊಂದು ಕೋಟೆಯನ್ನು, ಬೇರೆ ಯಾರೂ ಹಿಡಿಯದಿರಲಿ ಎಂದು ಸ್ಫೋಟಿಸಿಯೂ ಬಿಟ್ಟಿತು. ಆದರೆ ರಫ್ಸ್ ಟವರ್ ಮೇಲೆ ಜನ ಇದ್ದರು, ಹೆಂಗಸು ಮಕ್ಕಳಿದ್ದರು, ಬಂದೂಕುಗಳಿದ್ದವು. ಒಂದು ಹಳೆಯ ಕೋಟೆಗಾಗಿ ಪ್ರಾಣ ಹೋಗುವಂಥ ಸಾಹಸಕ್ಕೆ ಸರ್ಕಾರ ಇಳಿಯಲಿಲ್ಲ. ಸೀಲ್ಯಾಂಡ್ ಉಳಿದುಕೊಂಡದ್ದಕ್ಕೆ ಕಾನೂನಿಗಿಂತ ಇದೇ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ.

1978: ಪ್ರಧಾನಿಯೇ ಮಾಡಿದ ದಂಗೆ

1975ರ ಹೊತ್ತಿಗೆ ಸೀಲ್ಯಾಂಡ್‌ಗೆ ಸಂವಿಧಾನ, ರಾಷ್ಟ್ರಗೀತೆ, ನಾಣ್ಯ, ಪಾಸ್‌ಪೋರ್ಟ್ ಎಲ್ಲ ಬಂದವು. ಇದರಲ್ಲಿ ಕೈಜೋಡಿಸಿದವರು ಅಲೆಕ್ಸಾಂಡರ್ ಆಖೆನ್‌ಬಾಖ್ ಎಂಬ ಜರ್ಮನ್ ವ್ಯಾಪಾರಿ. ಅವರು ಸೀಲ್ಯಾಂಡ್‌ನ ಪ್ರಧಾನಿ ಎಂದು ಕರೆದುಕೊಂಡರು. ಬರಬರುತ್ತಾ ಬೇಟ್ಸ್‌ಗೂ ಅವರಿಗೂ ಆಗದಾಯಿತು.

1978ರ ಆಗಸ್ಟ್‌ನಲ್ಲಿ ವ್ಯವಹಾರದ ಮಾತುಕತೆ ಇದೆ ಎಂದು ಬೇಟ್ಸ್ ದಂಪತಿಗೆ ಆಸ್ಟ್ರಿಯಾಕ್ಕೆ ಕರೆ ಬಂತು. ಅವರು ಅಲ್ಲಿಗೆ ಹೋದಾಗ ಆಖೆನ್‌ಬಾಖ್ ಕಡೆಯ ಜರ್ಮನ್ ಮತ್ತು ಡಚ್ ಜನ ಹೆಲಿಕಾಪ್ಟರ್ ಹಾಗೂ ದೋಣಿಗಳಲ್ಲಿ ಬಂದು ಕೋಟೆ ಹಿಡಿದರು. ಕೋಟೆಯಲ್ಲಿದ್ದ ಮೈಕೆಲ್‌ನನ್ನು ಕೂಡಿಹಾಕಿದರು. ಕೆಲವು ದಿನದ ನಂತರ ನೆದರ್ಲ್ಯಾಂಡ್ಸ್‌ಗೆ ಒಯ್ದು ಬಿಟ್ಟುಬಿಟ್ಟರು.

ಮೈಕೆಲ್ ಹೇಗೋ ಊರು ಸೇರಿ ಅಪ್ಪನನ್ನು ಕೂಡಿಕೊಂಡ. ಬೇಟ್ಸ್ ಒಂದು ಹೆಲಿಕಾಪ್ಟರ್ ಹೊಂದಿಸಿದರು. ಬೆಳಗಿನ ಜಾವ ಕೋಟೆಯ ಮೇಲೆ ಹಾರಿ, ಹಗ್ಗ ಹಿಡಿದು ಕಟ್ಟೆಗೆ ಇಳಿದರು. ಒಳಗಿದ್ದವರು ಶರಣಾದರು. ಯಾರ ಜೀವವೂ ಹೋಗಲಿಲ್ಲ.

ಹೆಚ್ಚಿನವರನ್ನು ಬೇಟ್ಸ್ ಬಿಟ್ಟು ಕಳಿಸಿದರು. ಗೆರ್ನೊಟ್ ಪ್ಯೂಟ್ಸ್ ಎಂಬ ಜರ್ಮನ್ ವಕೀಲರನ್ನು ಮಾತ್ರ ಇಟ್ಟುಕೊಂಡರು. ಅವರ ಬಳಿ ಸೀಲ್ಯಾಂಡ್ ಪಾಸ್‌ಪೋರ್ಟ್ ಇತ್ತು. ಹಾಗಾಗಿ ಇದು ರಾಜದ್ರೋಹ ಎಂದು ಹೇಳಿ 75,000 ಮಾರ್ಕ್ ದಂಡ ಕೇಳಿದರು. ಪಶ್ಚಿಮ ಜರ್ಮನಿ ಬ್ರಿಟನ್‌ಗೆ ಮೊರೆ ಹೋಯಿತು. 1968ರ ತೀರ್ಪು ತೋರಿಸಿದ ಬ್ರಿಟನ್, ಅದು ನಮ್ಮ ವ್ಯಾಪ್ತಿಯ ಹೊರಗಿದೆ ಎಂದಿತು. ಕೊನೆಗೆ ಜರ್ಮನಿ ಲಂಡನ್‌ನ ತನ್ನ ರಾಯಭಾರ ಕಚೇರಿಯಿಂದ ಒಬ್ಬ ಅಧಿಕಾರಿಯನ್ನು ಕೋಟೆಗೇ ಕಳಿಸಬೇಕಾಯಿತು. ಕೆಲವು ವಾರಗಳ ನಂತರ ಪ್ಯೂಟ್ಸ್‌ಗೆ ಬಿಡುಗಡೆ ಸಿಕ್ಕಿತು.

ಜರ್ಮನಿಯ ಅಧಿಕಾರಿ ನಮ್ಮಲ್ಲಿಗೆ ಬಂದರು, ಅಂದರೆ ಜರ್ಮನಿ ನಮ್ಮನ್ನು ಒಪ್ಪಿದಂತೆ ಎಂದು ಬೇಟ್ಸ್ ವಾದಿಸಿದರು. ಜರ್ಮನಿ ಅದನ್ನು ಎಂದೂ ಒಪ್ಪಲಿಲ್ಲ. ಮಾನ್ಯತೆ ಅನ್ನೋದು ಒಂದು ದೇಶ ಬೇಕೆಂದೇ ಕೊಡುವಂಥದ್ದು. ತನ್ನ ಪ್ರಜೆಯನ್ನು ಬಿಡಿಸಿಕೊಳ್ಳಲು ಅಪಹರಣಕಾರರ ಜೊತೆಗೂ, ಬಂಡುಕೋರರ ಜೊತೆಗೂ ಸರ್ಕಾರಗಳು ಮಾತಾಡುತ್ತವೆ. ಅಷ್ಟರಿಂದ ಯಾರೂ ದೇಶವಾಗುವುದಿಲ್ಲ. ಆಖೆನ್‌ಬಾಖ್ ಜರ್ಮನಿಯಲ್ಲಿ ‘ದೇಶಭ್ರಷ್ಟ ಸರ್ಕಾರ’ ಸ್ಥಾಪಿಸಿಕೊಂಡರು.

ಕಾನೂನಿನ ಉತ್ತರ ಮೂರು ಕಡೆಯಿಂದ ಬಂತು

ಈ ದಂಗೆಗೂ ಮೂರು ತಿಂಗಳ ಮೊದಲೇ, 1978ರ ಮೇನಲ್ಲಿ, ಜರ್ಮನಿಯ ಕೊಲೋನ್ ನಗರದ ಆಡಳಿತ ಕೋರ್ಟು ಒಂದು ತೀರ್ಪು ಕೊಟ್ಟಿತ್ತು. ಸೀಲ್ಯಾಂಡ್ ಪೌರತ್ವ ಪಡೆದಿದ್ದ ಒಬ್ಬ ಜರ್ಮನ್, ತನ್ನ ಜರ್ಮನ್ ಪೌರತ್ವ ಇದರಿಂದ ಹೋಯಿತು ಎಂದು ಒಪ್ಪಬೇಕು ಅಂತ ಕೋರ್ಟಿಗೆ ಹೋಗಿದ್ದ. ಕೋರ್ಟು ಮಾಂಟೆವಿಡಿಯೋ ಲಕ್ಷಣಗಳಂಥವನ್ನೇ ಒಂದೊಂದಾಗಿ ನೋಡಿತು. ದೇಶದ ನೆಲ ಅಂದರೆ ಭೂಮಿಯ ಸಹಜ ಭಾಗವಾಗಿರಬೇಕು, ಮನುಷ್ಯ ತಂದು ನಿಲ್ಲಿಸಿದ ಕಟ್ಟಡ ಸಾಲದು ಎಂದಿತು. ಜನರ ವಿಷಯದಲ್ಲಿ ಹೇಳಿದ್ದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಪೌರರೆಂದು ಕರೆಸಿಕೊಂಡವರು ಒಟ್ಟಿಗೆ ಬಾಳುತ್ತಿಲ್ಲ, ಒಂದು ಸಮಾಜವಾಗಿ ಬದುಕುತ್ತಿಲ್ಲ. ಬೇರೆ ಬೇರೆ ಊರಲ್ಲಿ ಕೂತು ಒಂದೇ ಪಾಸ್‌ಪೋರ್ಟ್ ಇಟ್ಟುಕೊಂಡರೆ ಅದು ಜನಾಂಗವಾಗುವುದಿಲ್ಲ.

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಇದನ್ನು ಇನ್ನೂ ಸ್ಪಷ್ಟ ಮಾಡಿತು. ದ್ವೀಪ ಅಂದರೆ ಸಹಜವಾಗಿ ಉಂಟಾದ, ಭರತದ ವೇಳೆಯಲ್ಲೂ ನೀರಿನ ಮೇಲಿರುವ ನೆಲ. ಮನುಷ್ಯ ಕಟ್ಟಿದ ಕೃತಕ ದ್ವೀಪಕ್ಕೆ ದ್ವೀಪದ ಸ್ಥಾನವಿಲ್ಲ, ಅದಕ್ಕೆ ತನ್ನದೇ ಸಮುದ್ರವೂ ಇಲ್ಲ.

ಮೂರನೆಯದು ಬ್ರಿಟನ್‌ದೇ ಹೆಜ್ಜೆ. 1987ರಲ್ಲಿ ಅದು ತನ್ನ ಸಮುದ್ರದ ಗೆರೆಯನ್ನು ಮೂರರಿಂದ ಹನ್ನೆರಡು ನಾಟಿಕಲ್ ಮೈಲಿಗೆ, ಅಂದರೆ ಸುಮಾರು 22 ಕಿಲೋಮೀಟರಿಗೆ ವಿಸ್ತರಿಸಿತು. ರಫ್ಸ್ ಟವರ್ ಈಗ ಗೆರೆಯ ಒಳಗೆ ಬಂತು. ನಾವೂ ಹನ್ನೆರಡು ಮೈಲಿ ಘೋಷಿಸಿದ್ದೇವೆ ಎಂದು ಸೀಲ್ಯಾಂಡ್ ಹೇಳಿತು. ಅದಕ್ಕೆ ಕಿವಿಗೊಟ್ಟವರಿಲ್ಲ.

ಉಳಿದವರಿಗೆ ಏನಾಯಿತು?

ಸೀಲ್ಯಾಂಡ್ ಹುಟ್ಟಿದ ಮರುವರ್ಷವೇ ಇಟಲಿಯ ಎಂಜಿನಿಯರ್ ಜಾರ್ಜಿಯೋ ರೋಸಾ ರಿಮಿನಿ ಊರಿನ ಎದುರು ಸಮುದ್ರದಲ್ಲಿ 400 ಚದರ ಮೀಟರಿನ ಕಟ್ಟೆ ಕಟ್ಟಿ ‘ರೋಸ್ ಐಲ್ಯಾಂಡ್’ ದೇಶ ಸಾರಿದರು. ಅದರ ಅಧಿಕೃತ ಭಾಷೆ ಎಸ್ಪೆರಾಂಟೊ ಎಂಬ ಕೃತಕ ಭಾಷೆ. ಇಟಲಿ ಸರ್ಕಾರ ಬ್ರಿಟನ್‌ನಂತೆ ಕಾಯಲಿಲ್ಲ. ಪೊಲೀಸರನ್ನು ಕಳಿಸಿ ವಶಪಡಿಸಿಕೊಂಡು, 1969ರ ಫೆಬ್ರವರಿಯಲ್ಲಿ ಸ್ಫೋಟಕ ಇಟ್ಟಿತು. ಉಳಿದದ್ದನ್ನು ಬಿರುಗಾಳಿ ಕೆಡವಿತು.

1972ರಲ್ಲಿ ಒಂದು ಅಮೆರಿಕನ್ ಗುಂಪು ಶಾಂತಸಾಗರದ ಮಿನರ್ವಾ ಹವಳದ ದಿಬ್ಬದ ಮೇಲೆ ಮರಳು ಸುರಿದು ಗಣರಾಜ್ಯ ಘೋಷಿಸಿತು. ಅದೇ ವರ್ಷ ಟೊಂಗಾ ದೇಶ ಅಲ್ಲಿಗೆ ಹೋಗಿ ತನ್ನ ಬಾವುಟ ನೆಟ್ಟಿತು.

ಆಸ್ಟ್ರೇಲಿಯಾದ ಹಟ್ ರಿವರ್ ಕತೆ ರೈತರಿಗೆ ಅರ್ಥವಾಗುವಂಥದ್ದು. ಎಷ್ಟು ಗೋಧಿ ಮಾರಬಹುದು ಎಂದು ಸರ್ಕಾರ ಹಾಕಿದ ಮಿತಿಯಿಂದ ಸಿಟ್ಟಾದ ಲಿಯೊನಾರ್ಡ್ ಕ್ಯಾಸ್ಲಿ 1970ರಲ್ಲಿ ತನ್ನ ಸುಮಾರು 75 ಚದರ ಕಿಲೋಮೀಟರ್ ಹೊಲವನ್ನೇ ದೇಶ ಮಾಡಿಕೊಂಡರು. ಐವತ್ತು ವರ್ಷ ಅದು ನಡೆಯಿತು, ಪ್ರವಾಸಿಗರು ಬಂದರು. ಆದರೆ ತೆರಿಗೆ ಇಲಾಖೆ ಮಾತ್ರ ಬಾಕಿಯ ಲೆಕ್ಕ ಇಡುತ್ತಲೇ ಇತ್ತು. 2020ರಲ್ಲಿ ಆ ಸಾಲ ತೀರಿಸಲು ಕುಟುಂಬ ‘ದೇಶ’ವನ್ನು ಮುಚ್ಚಿ ಹೊಲ ಮಾರಲು ಹೊರಟಿತು.

ಪಾಸ್‌ಪೋರ್ಟ್ ಕೆಲಸಕ್ಕೆ ಬರುತ್ತಾ? ರಾಯಭಾರ ಕಚೇರಿ ತೆರೆಯಬಹುದಾ?

ಬರುವುದಿಲ್ಲ, ತೆರೆಯುವಂತಿಲ್ಲ.

ಪಾಸ್‌ಪೋರ್ಟ್ ಅಂದರೆ ‘ಇವನು ನಮ್ಮ ಪ್ರಜೆ, ಬೇಡವಾದರೆ ನಮ್ಮಲ್ಲಿಗೇ ವಾಪಸ್ ಕಳಿಸಿ’ ಎಂದು ಒಂದು ದೇಶ ಇನ್ನೊಂದಕ್ಕೆ ಕೊಡುವ ಮಾತು. ಕೊಟ್ಟವರನ್ನೇ ಒಪ್ಪದಿದ್ದರೆ ಆ ಮಾತಿಗೆ ಬೆಲೆ ಇಲ್ಲ. ಆದರೂ ಮೋಸಕ್ಕೆ ಅದು ಬಳಕೆಯಾಗುತ್ತದೆ. 1990ರ ದಶಕದಲ್ಲಿ ಸ್ಪೇನ್‌ನಿಂದ ನಡೆಯುತ್ತಿದ್ದ ಒಂದು ಜಾಲ ಸೀಲ್ಯಾಂಡ್ ಹೆಸರಿನಲ್ಲಿ ನಕಲಿ ಪಾಸ್‌ಪೋರ್ಟ್ ಮಾರುತ್ತಿತ್ತು. ಸುಮಾರು 1,50,000 ಪಾಸ್‌ಪೋರ್ಟ್ ಹೊರಗಿವೆ ಎಂಬ ಲೆಕ್ಕ ಬಂತು. ಬೇಟ್ಸ್ ಕುಟುಂಬ 1997ರಲ್ಲಿ ತಾವು ಕೊಟ್ಟವನ್ನೂ ಸೇರಿಸಿ ಎಲ್ಲವನ್ನೂ ರದ್ದು ಮಾಡಿತು.

ರಾಯಭಾರ ಕಚೇರಿಯ ನಿಯಮ 1961ರ ವಿಯೆನ್ನಾ ಒಪ್ಪಂದದಲ್ಲಿದೆ. ಎರಡು ದೇಶಗಳೂ ಒಪ್ಪಿದರೆ ಮಾತ್ರ ಕಚೇರಿ. ರಾಯಭಾರಿಯಾಗಿ ಬರುವ ವ್ಯಕ್ತಿಯನ್ನೂ ಆತಿಥೇಯ ದೇಶ ಮೊದಲೇ ಒಪ್ಪಬೇಕು. ಭಾರತದಲ್ಲಿ ಆ ಕೆಲಸ ವಿದೇಶಾಂಗ ಸಚಿವಾಲಯದ್ದು. ಇಲ್ಲಿರುವ ವಿದೇಶಿ ಕಚೇರಿಗಳ ಪಟ್ಟಿ ಸಚಿವಾಲಯದ ವೆಬ್‌ಸೈಟಿನಲ್ಲೇ ಇದೆ. ವಿದೇಶದ ಕೆಲಸಕ್ಕೆಂದು ಯಾರಾದರೂ ಕೇಳಿಲ್ಲದ ದೇಶದ ಹೆಸರು ಹೇಳಿ ದುಡ್ಡು ಕೇಳಿದರೆ, ಕೊಡುವ ಮೊದಲು ದಯವಿಟ್ಟು ಆ ಪಟ್ಟಿ ನೋಡಿ. ವೆಸ್ಟಾರ್ಕ್ಟಿಕಾ ಅದರಲ್ಲಿಲ್ಲ. ಅದು 2001ರಲ್ಲಿ ಒಬ್ಬ ಅಮೆರಿಕನ್ ಅಂಟಾರ್ಕ್ಟಿಕಾದ ಹಿಮದ ಒಂದು ಭಾಗದ ಮೇಲೆ ಹಕ್ಕು ಸಾರಿ ಮಾಡಿಕೊಂಡ ಮೈಕ್ರೋನೇಷನ್.

ಕೈಲಾಸಕ್ಕೂ ಇದೇ ಅಳತೆ. ನಿತ್ಯಾನಂದ ಮೇಲೆ 2010ರಿಂದ ಅತ್ಯಾಚಾರದ ಕೇಸು ರಾಮನಗರದಲ್ಲಿತ್ತು, ಅವರು ಅದನ್ನು ನಿರಾಕರಿಸಿದ್ದರು. ವಿಚಾರಣೆ ಮುಗಿಯುವ ಮೊದಲೇ ದೇಶ ಬಿಟ್ಟರು. ಈಕ್ವೆಡಾರ್‌ನಲ್ಲಿ ದ್ವೀಪ ಕೊಂಡಿದ್ದಾರೆ ಎಂಬ ಸುದ್ದಿ ಹಬ್ಬಿದಾಗ ಆ ದೇಶ ಅದನ್ನು ಅಲ್ಲಗಳೆಯಿತು. 2023ರ ಫೆಬ್ರವರಿಯಲ್ಲಿ ಕೈಲಾಸದ ಪ್ರತಿನಿಧಿಗಳು ಜಿನೀವಾದ ವಿಶ್ವಸಂಸ್ಥೆ ಸಭೆಗಳಲ್ಲಿ ಕೂತ ಫೋಟೋ ನೋಡಿ ಅನೇಕರು ಅದಕ್ಕೆ ಮಾನ್ಯತೆ ಸಿಕ್ಕಿತು ಎಂದುಕೊಂಡರು. ಆ ಸಭೆಗಳು ಸಾರ್ವಜನಿಕರಿಗೆ ತೆರೆದಿದ್ದವು. ಅವರು ಕೊಟ್ಟ ಹೇಳಿಕೆಗಳನ್ನು ಪರಿಗಣಿಸುವುದಿಲ್ಲ ಎಂದು ವಿಶ್ವಸಂಸ್ಥೆಯೇ ಹೇಳಿತು. ಅದೇ ವರ್ಷ ಅಮೆರಿಕದ ನೆವಾರ್ಕ್ ನಗರ ಕೈಲಾಸದ ಜೊತೆ ಸೋದರ ನಗರ ಒಪ್ಪಂದ ಮಾಡಿಕೊಂಡು, ವಿಷಯ ತಿಳಿದ ಕೆಲವೇ ದಿನದಲ್ಲಿ ರದ್ದು ಮಾಡಿತು. ಪರಾಗ್ವೆಯಲ್ಲಿ ಕೈಲಾಸದ ಜೊತೆ ಕಾಗದಕ್ಕೆ ಸಹಿ ಹಾಕಿದ ಅಧಿಕಾರಿ ಹುದ್ದೆ ಕಳೆದುಕೊಂಡ. ಬೊಲಿವಿಯಾದಲ್ಲಿ ಆದಿವಾಸಿಗಳ ಭೂಮಿಯನ್ನು ದೀರ್ಘಾವಧಿ ಗುತ್ತಿಗೆಗೆ ಬರೆಸಿಕೊಂಡ ಪ್ರಕರಣ 2025ರಲ್ಲಿ ಬಯಲಾಗಿ, ಸುಮಾರು 20 ಜನರನ್ನು ಸರ್ಕಾರ ಹೊರಗೆ ಕಳಿಸಿತು. ಇದನ್ನು ಬೇರೆಯಾಗಿ ಹೇಳಲೇಬೇಕು: ರೋಸ್ ಐಲ್ಯಾಂಡ್‌ನಿಂದ ಯಾರ ಭೂಮಿಯೂ ಹೋಗಿರಲಿಲ್ಲ. ಇಲ್ಲಿ ಬಡ ಸಮುದಾಯವೊಂದರ ಕಾಡು ಪಣಕ್ಕಿತ್ತು.

ಸೀಲ್ಯಾಂಡ್ ಈಗ ಹೇಗಿದೆ?

2000ದಲ್ಲಿ ‘ಹೇವನ್‌ಕೋ’ ಎಂಬ ಕಂಪನಿ ಗೋಪುರದೊಳಗೆ ಸರ್ವರ್‌ಗಳನ್ನಿಟ್ಟಿತು. ಯಾವ ದೇಶದ ಕಾನೂನೂ ಮುಟ್ಟದ ಜಾಗದಲ್ಲಿ ಮಾಹಿತಿ ಇಡುವುದು ಅವರ ಯೋಜನೆ. ಅಂದುಕೊಂಡಷ್ಟು ಗಿರಾಕಿಗಳು ಬರಲಿಲ್ಲ, ಕುಟುಂಬದ ಜೊತೆ ಜಗಳವೂ ಆಯಿತು. 2008ಕ್ಕೆ ಅದು ಮುಗಿಯಿತು.

2006ರ ಜೂನ್‌ನಲ್ಲಿ ಜನರೇಟರ್‌ನಿಂದ ಬೆಂಕಿ ಹತ್ತಿ ಮೇಲಿನ ಕಟ್ಟೆ ಬಹುತೇಕ ಸುಟ್ಟಿತು. ಕೋಟೆಯಲ್ಲಿದ್ದ ವ್ಯಕ್ತಿಯನ್ನು ಎತ್ತಿಕೊಂಡು ಇಪ್ಸ್‌ವಿಚ್ ಆಸ್ಪತ್ರೆಗೆ ಸೇರಿಸಿದ್ದು ಬ್ರಿಟಿಷ್ ವಾಯುಪಡೆಯ ಹೆಲಿಕಾಪ್ಟರ್. ಅದೇ ವರ್ಷ ರಿಪೇರಿಯೂ ನಡೆಯಿತು.

ರಾಯ್ ಬೇಟ್ಸ್ 2012ರಲ್ಲಿ 91ನೇ ವಯಸ್ಸಿಗೆ ತೀರಿಕೊಂಡರು, ಜೋನ್ 2016ರಲ್ಲಿ. ಈಗ ‘ರಾಜ’ ಮೈಕೆಲ್. ಅವರು ಇರುವುದು ಇಂಗ್ಲೆಂಡಿನ ದಡದಲ್ಲಿ. ಅಲ್ಲಿ ಚಿಪ್ಪುಮೀನಿನ ವ್ಯಾಪಾರ ಮಾಡಿಕೊಂಡು ಬಂದವರು. ಕೋಟೆಯಲ್ಲಿ ಒಬ್ಬಿಬ್ಬರು ಕಾವಲುಗಾರರು ಸರದಿಯಂತೆ ಇರುತ್ತಾರೆ. ಉಪ್ಪುಗಾಳಿಗೆ ಉಕ್ಕು ತುಕ್ಕು ಹಿಡಿಯುತ್ತಲೇ ಇರುತ್ತದೆ, ದುರಸ್ತಿಗೆ ಹಣ ಬೇಕೇ ಬೇಕು. ಆ ಹಣ ಬರುವುದು ಇಂಟರ್‌ನೆಟ್‌ನಲ್ಲಿ ಮಾರುವ ಅಂಚೆಚೀಟಿ, ಟೀ ಶರ್ಟು ಮತ್ತು ಬಿರುದುಗಳಿಂದ. ಹತ್ತಾರು ಪೌಂಡ್ ಕೊಟ್ಟರೆ ಸೀಲ್ಯಾಂಡ್‌ನ ಲಾರ್ಡ್ ಅಥವಾ ಲೇಡಿ ಎಂಬ ಪ್ರಮಾಣಪತ್ರ ಮನೆಗೆ ಬರುತ್ತದೆ. ಅದರಿಂದ ಬ್ರಿಟನ್‌ನಲ್ಲಾಗಲಿ ಭಾರತದಲ್ಲಾಗಲಿ ಯಾವ ಹಕ್ಕೂ ಸಿಗುವುದಿಲ್ಲ.